ಅಮೆರಿಕದ ಗಡಿಯಾರ, ನಮ್ಮ ಮನೆಯ ಇಫ್ತಾರ್

ಭಾರತದಲ್ಲಿ ಗಡಿಯಾರವನ್ನು ವರ್ಷಕ್ಕೆ ಎರಡು ಸಲ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಆದರೂ ನಮ್ಮ ಮನೆಯಲ್ಲಿ ಮಾರ್ಚ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಊಟ, ನಿದ್ದೆ, ಗೇಟ್ ತೆಗೆಯುವ ಹೊತ್ತು ಎಲ್ಲವೂ ಒಂದು ಗಂಟೆ ಸರಿಯುತ್ತದೆ. ಇದಕ್ಕೆ ಕಾರಣ ನಮ್ಮ ಭಾಯಿಯ ನೌಕರಿ. ಭಾಯಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ ಮಾಡುತ್ತಾರೆ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಗಂಟೆಗೆ ಇನ್ಶೂರೆನ್ಸ್ ಆಫೀಸಿನವರು ಫೋನ್ ಎತ್ತುವ ಹೊತ್ತಿಗೆ ಭಾಯಿ ಇಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿರಬೇಕು. ಚಳಿಗಾಲದಲ್ಲಿ ಅಲ್ಲಿಯ 9 ಗಂಟೆ ಅಂದರೆ ನಮ್ಮ ಸಂಜೆ 7.30. ಮಾರ್ಚ್ ತಿಂಗಳ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ಅದೇ 9 ಗಂಟೆ ನಮ್ಮ 6.30 ಆಗುತ್ತದೆ. ನವೆಂಬರ್ ತಿಂಗಳ ಮೊದಲ ಭಾನುವಾರ ಮತ್ತೆ 7.30ಕ್ಕೆ ಬರುತ್ತದೆ. ಇದಕ್ಕೆ ಡೇಲೈಟ್ ಸೇವಿಂಗ್ ಟೈಮ್ ಎನ್ನುತ್ತಾರೆ. ಬೇಸಿಗೆಯಲ್ಲಿ ಸಂಜೆಯ ಬೆಳಕು ಒಂದು ಗಂಟೆ ಹೆಚ್ಚು ಸಿಗಲಿ ಎಂದು ಮಾಡಿಕೊಂಡ ಏರ್ಪಾಡು.

2025ರಲ್ಲಿ ಇದು ರಂಜಾನ್ ತಿಂಗಳಲ್ಲೇ ಬಂತು. ಮಾರ್ಚ್ 2ಕ್ಕೆ ನಮ್ಮ ಮೊದಲ ರೋಜಾ, ಮಾರ್ಚ್ 9ಕ್ಕೆ ಅಮೆರಿಕದ ಗಡಿಯಾರ ಬದಲಾವಣೆ. ಮೊದಲ ವಾರ ಎಲ್ಲ ಸರಿಯಾಗಿತ್ತು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಮ್ಮಿ 6.30ಕ್ಕೆ. ಭಾಯಿ ನಮ್ಮ ಜೊತೆಯಲ್ಲೇ ದಸ್ತರಖಾನ್ ಮುಂದೆ ಕೂತು ರೋಜಾ ಬಿಟ್ಟು, ಮಗ್ರಿಬ್ ನಮಾಜ್ ಮುಗಿಸಿ, 6.45ರ ಕ್ಯಾಬ್ ಹತ್ತುತ್ತಿದ್ದರು. ಸೋಮವಾರ, ಅಂದರೆ 9ನೇ ರೋಜಾದಿಂದ, ಕ್ಯಾಬ್ 5.45ಕ್ಕೇ ಬರಲು ಶುರುವಾಯಿತು. ಲಾಗಿನ್ 6.30ಕ್ಕೆ, ಇಫ್ತಾರ್ ಕೂಡ 6.30ಕ್ಕೆ. ಮೊದಲ ಎರಡು ದಿನ ಭಾಯಿ ಕಾಲ್ ಮ್ಯೂಟ್ ಮಾಡಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ನೀರು ಕುಡಿದರಂತೆ. ಅಮ್ಮಿ ಕೊಟ್ಟ ಡಬ್ಬಿ ತೆಗೆದದ್ದು 8 ಗಂಟೆಯ ಬ್ರೇಕ್‌ನಲ್ಲಿ. ಅಷ್ಟು ಹೊತ್ತಿಗೆ ಸಮೋಸ ಮೆತ್ತಗಾಗಿತ್ತು ಎಂದು ಹೇಳಿದರು. ಮಗ್ರಿಬ್ ನಮಾಜ್ ಏನಾಯಿತು ಎಂದು ಅಬ್ಬಾ ಕೇಳಿದಾಗ ಮಾತ್ರ ಏನೂ ಹೇಳಲಿಲ್ಲ.

ಅಮ್ಮಿಗೆ ಸಿಟ್ಟು ಬಂತು. "ಘಡಿ ಉನೋ ಬದಲ್ತೆ, ತಕ್ಲೀಫ್ ಹಮ್ನಾ ಕಾಯ್ಕು?" ಎಂದರು. ಗಡಿಯಾರ ಬದಲಾಯಿಸುವವರು ಅವರು, ತೊಂದರೆ ನಮಗೆ ಯಾಕೆ ಎಂದು ಅರ್ಥ. ನನಗೂ ಹಾಗೇ ಅನ್ನಿಸಿತು. ಆದರೆ ಭಾಯಿ ಒಪ್ಪಲಿಲ್ಲ. ಅವರ ಲೆಕ್ಕ ಬೇರೆ ಇತ್ತು. ಮೊದಲ ವಾರ ಅವರ ಕೆಲಸ ಮುಗಿಯುತ್ತಿದ್ದದ್ದು ಬೆಳಗಿನ ಜಾವ 4.30ಕ್ಕೆ. ಮನೆ ಮುಟ್ಟುವಾಗ 5.10. ಸಹ್ರಿ ಮುಗಿಯುವುದು 5.20ರ ಸುಮಾರಿಗೆ. ಕ್ಯಾಬ್‌ನಲ್ಲಿ ಇನ್ನೊಬ್ಬರನ್ನು ಇಳಿಸಬೇಕಾಗಿ ಬಂದರೆ ಅದೂ ಇಲ್ಲ. ಅಮ್ಮಿ ಗೇಟಿನ ಹತ್ತಿರ ಹಾಲಿನ ಲೋಟ, ಬಾಳೆಹಣ್ಣು ಹಿಡಿದು ನಿಂತಿರುತ್ತಿದ್ದರು. ಗಡಿಯಾರ ಬದಲಾದ ಮೇಲೆ ಭಾಯಿ 4.10ಕ್ಕೇ ಮನೆಯಲ್ಲಿ. ಬಿಸಿ ಅನ್ನ, ಸಾಲನ್ ತಿಂದು, ಅಬ್ಬಾ ಜೊತೆ ಫಜ್ರ್‌ಗೆ ಮಸೀದಿಗೆ ಹೋಗುತ್ತಿದ್ದರು. "ಒಂದು ಗಂಟೆ ಇಫ್ತಾರ್‌ನಿಂದ ಕಿತ್ತುಕೊಂಡು ಸಹ್ರಿಗೆ ಕೊಟ್ಟಿದ್ದಾರೆ, ನಷ್ಟ ಏನಿದೆ?" ಎಂಬುದು ಅವರ ವಾದ. ತರಾವೀಹ್ ಮಾತ್ರ ಎರಡೂ ಲೆಕ್ಕದಲ್ಲಿ ಇಲ್ಲ.

ಈ ಜಗಳ ಕೇಳಿಯೇ ನಾನು ಈ ವಿಷಯವನ್ನು ಓದಲು ಶುರು ಮಾಡಿದೆ. ಓದಿದ ಮೇಲೆ ಗೊತ್ತಾಯಿತು, ಅಮ್ಮಿ ಮತ್ತು ಭಾಯಿ ಮಾಡುವ ವಾದವನ್ನೇ ಜಗತ್ತು ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಾಡುತ್ತಿದೆ.

1895ರಲ್ಲಿ ನ್ಯೂಜಿಲೆಂಡ್‌ನ ಜಾರ್ಜ್ ಹಡ್ಸನ್ ಎಂಬವರು ಗಡಿಯಾರವನ್ನು ಎರಡು ಗಂಟೆ ಸರಿಸಬೇಕು ಎಂದು ಒಂದು ಪ್ರಬಂಧ ಮಂಡಿಸಿದರು. ಅವರೂ ನಮ್ಮ ಭಾಯಿಯಂತೆ ಶಿಫ್ಟ್ ಕೆಲಸದವರೇ. ಅಂಚೆ ಕಚೇರಿಯ ಕೆಲಸ ಮುಗಿಸಿ, ಉಳಿದ ಬೆಳಕಿನಲ್ಲಿ ಕೀಟಗಳನ್ನು ಹಿಡಿದು ಅಧ್ಯಯನ ಮಾಡುವುದು ಅವರ ಹವ್ಯಾಸ. 1907ರಲ್ಲಿ ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್, ಬೇಸಿಗೆಯ ಬೆಳಿಗ್ಗೆ ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದರೂ ಜನ ಮಲಗಿಯೇ ಇರುತ್ತಾರೆ, ಬೆಳಕು ವ್ಯರ್ಥವಾಗುತ್ತಿದೆ ಎಂದು ಪುಸ್ತಿಕೆ ಬರೆದರು. 1915ರಲ್ಲಿ ಅವರು ತೀರಿಕೊಳ್ಳುವವರೆಗೂ ಯಾವ ದೇಶವೂ ಅದನ್ನು ಜಾರಿ ಮಾಡಲಿಲ್ಲ. ಮರುವರ್ಷವೇ, 1916ರಲ್ಲಿ, ಯುದ್ಧಕಾಲದ ಕಲ್ಲಿದ್ದಲು ಉಳಿಸಲು ಜರ್ಮನಿ ಜಾರಿ ಮಾಡಿತು. ಕೆಲವೇ ವಾರಗಳಲ್ಲಿ ಬ್ರಿಟನ್ ಕೂಡ ಅದೇ ದಾರಿ ಹಿಡಿಯಿತು. ನಮ್ಮ ದೇಶದಲ್ಲೂ ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರಿಂದ 1945ರವರೆಗೆ, ಗಡಿಯಾರ ಒಂದು ಗಂಟೆ ಮುಂದೆ ಇತ್ತು. ಇದು ನಮ್ಮ ಪಠ್ಯಪುಸ್ತಕದಲ್ಲಿ ಯಾಕಿಲ್ಲವೋ!

ನಮಗೆ ಇದು ಯಾಕೆ ಬೇಡ ಎನ್ನುವುದಕ್ಕೆ ಉತ್ತರ ಸರಳ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಂಡನ್‌ನಲ್ಲಿ ಜೂನ್‌ನ ಹಗಲು 16 ಗಂಟೆಗೂ ಹೆಚ್ಚು, ಡಿಸೆಂಬರ್‌ನದು 8 ಗಂಟೆಗೂ ಕಮ್ಮಿ. ಅಷ್ಟು ಬೆಳಕು ಇದ್ದಾಗ ಉಳಿತಾಯ ಮಾಡುವ ಆಸೆ ಬರುವುದು ಸಹಜ. ದುಬೈನಲ್ಲಿರುವ ನಮ್ಮ ಖಾಲಾಗೂ ಈ ತಾಪತ್ರಯ ಇಲ್ಲ. ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ.

ಪರವಾಗಿ ಹೇಳುವವರ ಮಾತಿನಲ್ಲಿ ನನಗೆ ನಿಜ ಅನ್ನಿಸಿದ್ದು ಸಂಜೆಯ ಬೆಳಕು. ಕೆಲಸ ಮುಗಿಸಿ ಬಂದವರು ಮಕ್ಕಳ ಜೊತೆ ಹೊರಗೆ ಹೋಗಬಹುದು, ಆಟ ಆಡಬಹುದು, ಅಂಗಡಿಗಳಿಗೆ ವ್ಯಾಪಾರ ಆಗುತ್ತದೆ. ಕಾಮರ್ಸ್ ವಿದ್ಯಾರ್ಥಿಯಾಗಿ ಈ ಕೊನೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಎಲ್ಲರೂ ಮೊದಲು ಹೇಳುವ ವಿದ್ಯುತ್ ಉಳಿತಾಯದ ಲೆಕ್ಕ ಮಾತ್ರ ಬಹಳ ತೆಳ್ಳಗಿದೆ. ಅಮೆರಿಕ 2007ರಿಂದ ಈ ಅವಧಿಯನ್ನು ಸುಮಾರು ನಾಲ್ಕು ವಾರ ಹೆಚ್ಚಿಸಿತು. ಹೀಗೆ ಸೇರಿಸಿದ ದಿನಗಳಲ್ಲಿ ದಿನಕ್ಕೆ ಸುಮಾರು ಶೇ. 0.5ರಷ್ಟು ವಿದ್ಯುತ್ ಉಳಿಯಿತು ಎಂದು 2008ರಲ್ಲಿ ಅಲ್ಲಿನ ಇಂಧನ ಇಲಾಖೆ ವರದಿ ಕೊಟ್ಟಿತು. ಇಡೀ ವರ್ಷಕ್ಕೆ ಹಂಚಿದರೆ ಅದು ಶೇ. 0.03. ಇಂಡಿಯಾನಾ ರಾಜ್ಯ ಪೂರ್ತಿಯಾಗಿ ಈ ಪದ್ಧತಿಗೆ ಬಂದದ್ದು 2006ರಲ್ಲಿ. ಅಲ್ಲಿನ ಮನೆಗಳ ಕರೆಂಟ್ ಬಿಲ್ ನೋಡಿದ ಅರ್ಥಶಾಸ್ತ್ರಜ್ಞರಿಗೆ ಬಳಕೆ ಶೇ. 1ರಷ್ಟು ಹೆಚ್ಚಾಗಿದ್ದು ಕಂಡಿತು. ದೀಪದ ಖರ್ಚು ಉಳಿಯಿತು, ಬಿಸಿಲಿನ ಸಂಜೆಗೆ ಏಸಿ ಖರ್ಚು ಬಂತು. ಡೆಬಿಟ್ ಬರೆಯದೆ ಕ್ರೆಡಿಟ್ ಮಾತ್ರ ಬರೆದರೆ ನಮ್ಮ ಅಕೌಂಟೆನ್ಸಿ ಸರ್ ಪುಸ್ತಕ ವಾಪಸ್ ಎಸೆಯುತ್ತಾರೆ.

ವಿರೋಧಿಗಳು ನಿದ್ದೆಯ ಬಗ್ಗೆ ಮಾತಾಡುತ್ತಾರೆ. ಮಾರ್ಚ್‌ನ ಆ ಭಾನುವಾರ ಎಲ್ಲರಿಗೂ ಒಂದು ಗಂಟೆ ನಿದ್ದೆ ಕಮ್ಮಿ. ಅದರ ನಂತರದ ವಾರದಲ್ಲಿ ಸಾವು ಸಂಭವಿಸುವ ರಸ್ತೆ ಅಪಘಾತಗಳು ಅಮೆರಿಕದಲ್ಲಿ ಶೇ. 6ರಷ್ಟು ಹೆಚ್ಚುತ್ತವೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಒಂದು ಗಂಟೆ ನಿದ್ದೆ ಕೆಟ್ಟರೆ ಏನಾಗುತ್ತದೆ ಎಂದು ರಂಜಾನ್‌ನಲ್ಲಿ ಮೊದಲ ಪೀರಿಯಡ್‌ಗೆ ಕೂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ವಾಣಿಜ್ಯದ ವಿಷಯಕ್ಕೆ ಬಂದರೆ, ಈ ಗಡಿಯಾರ ನಮ್ಮ ಮನೆಯನ್ನು ಮಾತ್ರ ಅಲ್ಲಾಡಿಸುತ್ತಿಲ್ಲ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ ನಮ್ಮ ಲೆಕ್ಕದಲ್ಲಿ ಚಳಿಗಾಲದಲ್ಲಿ ರಾತ್ರಿ 8 ಗಂಟೆಗೆ, ಬೇಸಿಗೆಯಲ್ಲಿ ಸಂಜೆ 7 ಗಂಟೆಗೆ ತೆರೆಯುತ್ತದೆ. ಚಿನ್ನ, ಬೆಳ್ಳಿ, ಕಚ್ಚಾತೈಲದ ವ್ಯವಹಾರ ನಡೆಯುವ ಮುಂಬೈನ ಎಂಸಿಎಕ್ಸ್ ಕೂಡ ಅಮೆರಿಕದ ಬೇಸಿಗೆ ಸಮಯದಲ್ಲಿ ರಾತ್ರಿ 11.30ಕ್ಕೆ ಮುಚ್ಚುತ್ತದೆ, ಉಳಿದ ಸಮಯದಲ್ಲಿ 11.55ಕ್ಕೆ. ನಮ್ಮ ದೇಶದ ಮಾರುಕಟ್ಟೆ, ನಮ್ಮ ರೂಪಾಯಿ, ಆದರೆ ಬಾಗಿಲು ಹಾಕುವ ಹೊತ್ತು ತೀರ್ಮಾನವಾಗುವುದು ಅಲ್ಲಿ. ಸಾಲದ್ದಕ್ಕೆ ಯುರೋಪಿನವರು ಗಡಿಯಾರ ಬದಲಾಯಿಸುವುದು ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ ಐದು ಗಂಟೆಯ ಬದಲು ನಾಲ್ಕೇ ಗಂಟೆ. ಭಾಯಿಯ ಆಫೀಸಿನಲ್ಲಿ ಆ ವಾರಗಳಲ್ಲಿ ಎಲ್ಲರ ಮಾನಿಟರ್ ಮೇಲೂ ಒಂದು ಹಳದಿ ಚೀಟಿ ಅಂಟಿರುತ್ತದಂತೆ.

ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಒಂದು ಹಲಗೆಯ ಮೇಲೆ ಐದು ನಮಾಜ್‌ಗೆ ಐದು ಸಣ್ಣ ಗಡಿಯಾರಗಳಿವೆ. ಅವು ಓಡುವುದಿಲ್ಲ. ಜಮಾಅತ್ ಎಷ್ಟು ಹೊತ್ತಿಗೆ ಎಂದು ತೋರಿಸಲು ಮುಅಜ್ಜಿನ್ ಸಾಹೇಬರು ಕೈಯಿಂದ ಮುಳ್ಳು ತಿರುಗಿಸುತ್ತಾರೆ. ಸೂರ್ಯ ಸರಿದ ಹಾಗೆ ಜಮಾಅತ್ ಐದು ನಿಮಿಷ ಹಿಂದೆ, ಹತ್ತು ನಿಮಿಷ ಮುಂದೆ ಆಗುತ್ತದೆ. ಗೋಡೆಯ ದೊಡ್ಡ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ಸೂರ್ಯನ ಜೊತೆ ಹೆಜ್ಜೆ ಹಾಕಲು ಇದೂ ಒಂದು ದಾರಿ: ಗಡಿಯಾರ ಹಾಗೇ ಇರಲಿ, ಕೆಲಸದ ಹೊತ್ತು ಬದಲಾಗಲಿ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ತಕರಾರು ತೆಗೆದ. ಮಸೀದಿಗೆ ಬರುವವರು ಮುನ್ನೂರು ಜನ, ಹಲಗೆ ನೋಡಿದರೆ ಸಾಕು. ಮೂವತ್ತು ಕೋಟಿ ಜನರ ಶಾಲೆ, ಬ್ಯಾಂಕ್, ಬಸ್ಸು ಎಲ್ಲವನ್ನೂ ಒಟ್ಟಿಗೆ ಸರಿಸಬೇಕಾದರೆ ಗಡಿಯಾರ ತಿರುಗಿಸುವುದೇ ಸುಲಭ ಎಂದ. ಅವನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಒಟ್ಟಿಗೆ ಸರಿಯದಿದ್ದರೆ ಏನಾಗುತ್ತದೆ ಎಂದು ಲೆಬನಾನ್ ತೋರಿಸಿದೆ. 2023ರ ಮಾರ್ಚ್‌ನಲ್ಲಿ ಅಲ್ಲಿನ ಪ್ರಧಾನಿ ನಜೀಬ್ ಮಿಕಾತಿ, ರಂಜಾನ್ ಮುಗಿಯುವವರೆಗೆ ಗಡಿಯಾರ ಮುಂದೆ ಹಾಕುವುದು ಬೇಡ ಎಂದು ಕೊನೇ ಗಳಿಗೆಯಲ್ಲಿ ಘೋಷಿಸಿದರು. ರೋಜಾದಾರರಿಗೆ ಇಫ್ತಾರ್ ಒಂದು ಗಂಟೆ ಬೇಗ ಬಂದ ಹಾಗೆ ಆಗಲಿ ಎಂಬ ಲೆಕ್ಕಾಚಾರ. ಮಾರೊನೈಟ್ ಚರ್ಚ್ ಒಪ್ಪಲಿಲ್ಲ, ಕೆಲವು ಟಿವಿ ಚಾನೆಲ್‌ಗಳೂ ಒಪ್ಪಲಿಲ್ಲ. ಕೆಲವು ದಿನ ಆ ಚಿಕ್ಕ ದೇಶದಲ್ಲಿ ಎರಡು ಸಮಯ ನಡೆದವು, ಅದೂ ಧರ್ಮದ ಹೆಸರಿನಲ್ಲಿ. ಕೊನೆಗೆ ಸರ್ಕಾರವೇ ನಿರ್ಧಾರ ಹಿಂತೆಗೆದುಕೊಂಡಿತು. ಇದನ್ನು ಓದಿ ನನಗೆ ಬೇಸರವಾಯಿತು. ರೋಜಾ ಫಜ್ರ್‌ನಿಂದ ಮಗ್ರಿಬ್‌ವರೆಗೆ. ಗಡಿಯಾರ ಎಲ್ಲಿ ನಿಲ್ಲಿಸಿದರೂ ಅದು ಒಂದು ನಿಮಿಷವೂ ಕಮ್ಮಿಯಾಗುವುದಿಲ್ಲ. ಮೊರಾಕ್ಕೊ ಇದೇ ಕೆಲಸವನ್ನು ಗದ್ದಲವಿಲ್ಲದೆ ಮಾಡುತ್ತದೆ. 2018ರಿಂದ ಅಲ್ಲಿ ವರ್ಷವಿಡೀ ಗಡಿಯಾರ ಗ್ರೀನ್‌ವಿಚ್‌ಗಿಂತ ಒಂದು ಗಂಟೆ ಮುಂದೆ, ರಂಜಾನ್‌ನಲ್ಲಿ ಮಾತ್ರ ಒಂದು ಗಂಟೆ ಹಿಂದಕ್ಕೆ. ಫಜ್ರ್ ಮುಗಿಸಿ ಮಲಗಿದವರಿಗೆ ಕಚೇರಿಗೆ ಹೊರಡುವ ಮುಂಚೆ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ. ಅದು ಮೊದಲೇ ಗೊತ್ತಿರುವ ನಿಯಮ, ಹಾಗಾಗಿ ಯಾರಿಗೂ ಗಾಬರಿ ಇಲ್ಲ.

ಹಾಗಾದರೆ ಈ ಹಿಂದೆ ಮುಂದೆ ಮಾಡುವುದನ್ನೇ ನಿಲ್ಲಿಸಿಬಿಡಲಿ ಎಂದು ನಾನು ಮೊದಲು ಬರೆದುಕೊಂಡಿದ್ದೆ. ಆದರೆ ನಿಲ್ಲಿಸುವುದು ಎಲ್ಲಿ? ಜಗಳ ಇರುವುದೇ ಅಲ್ಲಿ. 1968ರಿಂದ 1971ರವರೆಗೆ ಬ್ರಿಟನ್ ಚಳಿಗಾಲದಲ್ಲೂ ಬೇಸಿಗೆಯ ಸಮಯವನ್ನೇ ಇಟ್ಟುಕೊಂಡು ನೋಡಿತು. ಸ್ಕಾಟ್‌ಲೆಂಡಿನ ಉತ್ತರದಲ್ಲಿ ಬೆಳಿಗ್ಗೆ 10 ಗಂಟೆ ಹತ್ತಿರವಾದರೂ ಸೂರ್ಯ ಹುಟ್ಟುತ್ತಿರಲಿಲ್ಲ. ಸಂಸತ್ತು ಅದನ್ನು ಕೈಬಿಟ್ಟಿತು. ಅಮೆರಿಕ 1974ರ ಜನವರಿಯಲ್ಲಿ ಅದನ್ನೇ ಮಾಡಿತು. ಮಕ್ಕಳು ಕತ್ತಲೆಯಲ್ಲಿ ಶಾಲೆಗೆ ಹೋಗುವುದನ್ನು ನೋಡಿ ತಂದೆತಾಯಿಗಳು ಸಿಟ್ಟಾದರು. ಅದೇ ವರ್ಷ ಕಾನೂನು ಬದಲಾಯಿತು. 2019ರಲ್ಲಿ ಯುರೋಪಿನ ಸಂಸತ್ತು ಈ ಪದ್ಧತಿ ನಿಲ್ಲಿಸಲು ಮತ ಹಾಕಿತು, ಆದರೆ ಯಾವ ಸಮಯ ಉಳಿಸಿಕೊಳ್ಳಬೇಕು ಎಂದು ದೇಶಗಳ ನಡುವೆ ಒಮ್ಮತ ಬರಲೇ ಇಲ್ಲ.

2022ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್, ಬೇಸಿಗೆ ಸಮಯವನ್ನೇ ಕಾಯಂ ಮಾಡುವ ಮಸೂದೆಯನ್ನು ಒಪ್ಪಿತು. ಕೆಳಮನೆಯಲ್ಲಿ ಅದು ಮುಂದೆ ಹೋಗಲಿಲ್ಲ. ಒಂದು ವೇಳೆ ಹೋಗಿದ್ದರೆ ನಮ್ಮ ಭಾಯಿಯ ಲಾಗಿನ್ ವರ್ಷವಿಡೀ 6.30. ಚಳಿಗಾಲದ ಸಮಯ ಕಾಯಂ ಆದರೆ ವರ್ಷವಿಡೀ 7.30. ನನ್ನ ಮತ ಎರಡನೆಯದಕ್ಕೆ, ಮಧ್ಯಾಹ್ನ 12ರ ಹತ್ತಿರ ಸೂರ್ಯ ನೆತ್ತಿಯ ಮೇಲೆ ಬರುವ ಸಮಯಕ್ಕೆ. ಸಂಜೆ ಬೆಳಕು ಬೇಕಾದವರು ಅಂಗಡಿ, ಕಚೇರಿ ಒಂದು ಗಂಟೆ ಬೇಗ ತೆರೆಯಲಿ. ಇಫ್ತಾರ್‌ಗೋಸ್ಕರ ಹೀಗೆ ಹೇಳುತ್ತಿದ್ದೀಯ ಎಂದು ಭಾಯಿ ನಕ್ಕರು. ಅದೂ ಒಂದು ಕಾರಣ, ಮುಚ್ಚಿಡುವುದಿಲ್ಲ. ಮತ ಹಾಕುವ ಹಕ್ಕು ನನಗೂ ಇಲ್ಲ, ಅವರಿಗೂ ಇಲ್ಲ ಎನ್ನುವುದು ಬೇರೆ ಮಾತು.

ಅಬ್ಬಾ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದ್ದಾರೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆಯಲ್ಲ, ಹಾಗಾಗಿ 2027ರಲ್ಲಿ ಅಮೆರಿಕದ ಗಡಿಯಾರ ತಿರುಗುವ ಮುಂಚೆಯೇ ನಮ್ಮ ಈದ್ ಆಗಿರುತ್ತದೆ. ಆಮೇಲೆ ಕೆಲವು ವರ್ಷ ಈ ತೊಂದರೆ ಇಲ್ಲ. ಉಳಿದಿರುವುದು 2026. ಮಾರ್ಚ್ 8ರ ಭಾನುವಾರ ಗಡಿಯಾರ ತಿರುಗುವಾಗ ರಂಜಾನ್ ಅರ್ಧ ದಾಟಿರುತ್ತದೆ. ಆ ಸೋಮವಾರದಿಂದ ಈದ್‌ವರೆಗೆ 6.30ಕ್ಕೆ ಹದಿನೈದು ನಿಮಿಷದ ಬ್ರೇಕ್ ಕೊಡಿ, ಅದನ್ನು 8 ಗಂಟೆಯ ಬ್ರೇಕ್‌ನಲ್ಲಿ ಕಡಿತ ಮಾಡಿಕೊಳ್ಳಿ ಎಂದು ಭಾಯಿ ಈಗಲೇ ಟೀಮ್ ಲೀಡರ್‌ಗೆ ಮೇಲ್ ಹಾಕಿದ್ದಾರೆ. ತಂಡದಲ್ಲಿ ರೋಜಾ ಇಡುವವರು ನಾಲ್ಕು ಜನ ಇದ್ದಾರೆ, ನಾಲ್ವರ ಹೆಸರೂ ಮೇಲ್‌ನಲ್ಲಿದೆ. ಉತ್ತರ ಇನ್ನೂ ಬಂದಿಲ್ಲ.