ಕೊಂಬೆಗೊಂದೇ ಪದ

ಬರೆಯಲು ಕೂತಾಗ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳುವುದೇ ಒಂದು ಸುಖ. ಉದ್ದಕ್ಕೆ ನಿಂತ ಹಾಳೆ ಕಂಡರೆ ಕೈ ತಾನಾಗಿ ಎಡಮೂಲೆಗೆ ಹೋಗಿ ಒಂದು ಎಂದು ಅಂಕಿ ಹಾಕುತ್ತದೆ, ಅದರ ಕೆಳಗೆ ಎರಡು, ಮೂರು. ಅಡ್ಡ ಮಲಗಿದ ಹಾಳೆಯಲ್ಲಿ ಆ ಆತುರ ಇರುವುದಿಲ್ಲ. ನಟ್ಟನಡುವೆ ಒಂದು ಚಿತ್ರ ಬರೆದು, ಅದರಿಂದ ದಪ್ಪ ಕೊಂಬೆಗಳನ್ನೆಳೆದು, ಕೊಂಬೆಗಳಿಂದ ಸಪೂರ ರೆಂಬೆಗಳನ್ನು ಚಿಗುರಿಸುತ್ತ ಎತ್ತ ಬೇಕಾದರೂ ಹೋಗಬಹುದು. ಇದನ್ನು ಮೈಂಡ್ ಮ್ಯಾಪ್ ಎಂದು ಕರೆದು ಮನೆಮಾತಾಗಿಸಿದವರು ಇಂಗ್ಲೆಂಡಿನ ಟೋನಿ ಬುಝಾನ್. 1974ರಲ್ಲಿ ಬಿಬಿಸಿ ಟೆಲಿವಿಷನ್‌ನಲ್ಲಿ ಬಂದ ಅವರ ‘ಯೂಸ್ ಯುವರ್ ಹೆಡ್’ ಸರಣಿಯಿಂದ ಅದು ಶಾಲೆ ಕಚೇರಿಗಳಿಗೆಲ್ಲ ಹಬ್ಬಿತು. ಕೊಂಬೆ ಬಿಟ್ಟ ಚಿತ್ರದಲ್ಲಿ ವಿಚಾರವನ್ನು ಹರಡಿಡುವ ರೂಢಿ ಅದಕ್ಕಿಂತ ಬಹಳ ಹಳೆಯದು. ಹದಿಮೂರನೆಯ ಶತಮಾನದ ಕೊನೆಯಲ್ಲೇ ರಾಮೋನ್ ಲುಲ್ ಎಂಬ ಪಂಡಿತ ಜ್ಞಾನವನ್ನೆಲ್ಲ ಮರಗಳಾಗಿ ವಿಂಗಡಿಸಿದ್ದ. ಬುಝಾನ್ ಅದಕ್ಕೆ ಸರಳ ನಿಯಮಗಳನ್ನು ಕೊಟ್ಟರು: ನಡುವೆ ಚಿತ್ರ, ಕಡಿಮೆಯೆಂದರೂ ಮೂರು ಬಣ್ಣ, ಬಳುಕುವ ಗೆರೆಗಳು, ಒಂದು ಕೊಂಬೆಗೆ ಒಂದೇ ಪದ.

ಈ ಕೊನೆಯ ನಿಯಮ ನನಗೆ ಅಚ್ಚುಮೆಚ್ಚು. ‘ನಾಳೆಯಿಂದ ಬೇಗ ಏಳಬೇಕು’ ಎಂದು ಬರೆದರೆ ಮಾತು ಅಲ್ಲಿಗೇ ಮುಗಿಯಿತು. ‘ಬೆಳಗು’ ಎಂದಷ್ಟೇ ಬರೆದು ನೋಡಿ. ಹಾಲು, ಹಕ್ಕಿ, ವಾಕಿಂಗು, ಅಮ್ಮನ ಸುಪ್ರಭಾತ, ಯಾರೂ ಫೋನ್ ಮಾಡದ ಒಂದು ಗಂಟೆ, ಎಲ್ಲವೂ ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಕೊನೆಯದೇ ನಮಗೆ ಬೇಕಾಗಿದ್ದದ್ದು ಎಂದು ಆಮೇಲೆ ಹೊಳೆಯುತ್ತದೆ.

ಚಾರ್ಲ್ಸ್ ಡಾರ್ವಿನ್‌ನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಪ್ರಿಯವಾದ ಹವ್ಯಾಸ. ಒಂದು 1837ರದು. ಬೀಗಲ್ ಹಡಗಿನ ಯಾತ್ರೆಯಿಂದ ಮರಳಿ ವರ್ಷವೂ ತುಂಬಿರಲಿಲ್ಲ. ಟಿಪ್ಪಣಿ ಪುಸ್ತಕದ ಒಂದು ಪುಟದ ಮೇಲುಗಡೆ ‘ನನಗನಿಸುತ್ತದೆ’ ಎಂಬರ್ಥದ ಎರಡೇ ಪದ ಬರೆದು, ಅದರ ಕೆಳಗೆ ಸೊಟ್ಟಸೊಟ್ಟಗೆ ಒಂದು ಮರ ಎಳೆದ. ಕೆಲವು ರೆಂಬೆಗಳ ತುದಿಗೆ ಅಡ್ಡಗೀಟು, ಕೆಲವು ಹಾಗೇ ನಿಂತಿವೆ. ಜೀವಿಗಳೆಲ್ಲ ಒಂದೇ ಬುಡದಿಂದ ಕವಲೊಡೆದಿರಬಹುದೆಂಬ ಊಹೆ ಆ ಗೀಟುಗಳಲ್ಲಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಕಾಣೆಯಾಗಿದ್ದ ಆ ಟಿಪ್ಪಣಿ ಪುಸ್ತಕವನ್ನು 2022ರಲ್ಲಿ ಯಾರೋ ಗುಲಾಬಿ ಬಣ್ಣದ ಚೀಲದಲ್ಲಿಟ್ಟು ಮರಳಿಸಿ ಹೋದರೆಂಬ ಸುದ್ದಿ ಓದಿದಾಗ ಮನೆಯದೇ ವಸ್ತು ಸಿಕ್ಕಷ್ಟು ಸಂತೋಷವಾಗಿತ್ತು. ಇನ್ನೊಂದು ಹಾಳೆ 1838ರದು. ಮದುವೆಯಾಗುವುದೋ ಬೇಡವೋ ಎಂದು ತೂಗಿ ನೋಡಲು ಅವನು ಮರ ಬರೆಯಲಿಲ್ಲ. ಗೀಟು ಹಾಕಿ ಎರಡು ಪಟ್ಟಿ ಮಾಡಿದ. ಒಂದು ಕಡೆ ಜೊತೆಗಾತಿ, ಮಕ್ಕಳು, ಮನೆ. ಇನ್ನೊಂದು ಕಡೆ ಸ್ವಾತಂತ್ರ್ಯ, ಪುಸ್ತಕಕ್ಕೆ ಹಣ, ವ್ಯರ್ಥವಾಗದ ಸಮಯ. ತೀರ್ಮಾನ ಮದುವೆಯ ಕಡೆಗಾಯಿತು. 1839ರ ಜನವರಿಯಲ್ಲಿ ಎಮ್ಮಾ ಎಂಬಾಕೆಯ ಕೈಹಿಡಿದ.

ಹೌದು ಇಲ್ಲ ಎಂಬೆರಡೇ ದಾರಿ ಇದ್ದಾಗ ಪಟ್ಟಿ ಸಾಕು. ದಾರಿಯೇ ಇನ್ನೂ ಕಾಣದಿದ್ದಾಗ ಕೊಂಬೆ ಬೇಕು. ಮತ್ತೊಂದು ಮಾತು: 1859ರಲ್ಲಿ ಬಂದ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದಲ್ಲಿರುವುದು ಒಂದೇ ಒಂದು ಚಿತ್ರ. ಅದೂ ಕವಲೊಡೆಯುವ ಗೆರೆಗಳದೇ. ತನಗೆ ತಾನೇ ಕಂಡುಕೊಳ್ಳಲು ಬರೆದ ಮರ, ಇಪ್ಪತ್ತೆರಡು ವರ್ಷಗಳ ನಂತರ ಇನ್ನೊಬ್ಬರನ್ನು ಒಪ್ಪಿಸಲು ಬಂತು. ಆದರೆ ಆ ಎರಡು ಚಿತ್ರಗಳೂ ಒಂದೇ ಅಲ್ಲ. ಮೊದಲನೆಯದು ಅವನೊಬ್ಬನಿಗೇ ಅರ್ಥವಾಗುವಂಥದ್ದು. ಎರಡನೆಯದಕ್ಕೆ ಅಕ್ಷರಗಳ ಗುರುತಿದೆ, ತಲೆಮಾರುಗಳನ್ನು ತೋರುವ ಅಡ್ಡಗೆರೆಗಳಿವೆ, ಪಕ್ಕದಲ್ಲಿ ಪುಟಗಟ್ಟಲೆ ವಿವರಣೆಯಿದೆ.

ನನ್ನದೊಂದು ಹಳೆಯ ಆಸೆಯಿತ್ತು. ಕುಮಾರವ್ಯಾಸ ಭಾರತದ ಉದ್ಯೋಗಪರ್ವವನ್ನು ರಾಗವಾಗಿ, ಗಟ್ಟಿಯಾಗಿ, ಆರಂಭದಿಂದ ಕೊನೆಯವರೆಗೆ ಓದಬೇಕು. ಒಂದು ಸಂಜೆ ಅಡ್ಡಹಾಳೆಯ ನಡುವೆ ತೆರೆದ ಪುಸ್ತಕದ ಚಿತ್ರ ಬರೆದೆ. ಪಠ್ಯ, ರಾಗ, ಕಂಠ, ಹೊತ್ತು, ಕಿವಿ ಎಂದು ಐದು ಕೊಂಬೆಗಳು. ‘ಪಠ್ಯ’ದ ಕೊಂಬೆ ನಿಘಂಟು, ಪಾಠಾಂತರ, ಸಂಧಿ, ಷಟ್ಪದಿ ಎಂದು ಕಿಕ್ಕಿರಿದು ಹಾಳೆಯ ಅಂಚು ಮುಟ್ಟಿತು. ‘ರಾಗ’ದಲ್ಲಿ ಮೋಹನ, ನಾಟಿ, ಶೋಕಕ್ಕೆ ಮುಖಾರಿ. ‘ಕಿವಿ’ ಮಾತ್ರ ಬೋಳಾಗಿತ್ತು. ಪಟ್ಟಿಯಲ್ಲಾದರೆ ಇಲ್ಲದ್ದು ಕಣ್ಣಿಗೆ ಬೀಳುವುದೇ ಇಲ್ಲ; ಇಲ್ಲಿ ಬೋಳು ಕೊಂಬೆ ಅಷ್ಟು ಬಣ್ಣಗಳ ನಡುವೆ ಎದ್ದು ಕಾಣುತ್ತಿತ್ತು. ಹೀಗೆ ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ಕೇಳುವವರು ಬೇಡವೆ?

ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಕೂರುವ ಹಿರಿಯರನ್ನು ಒಪ್ಪಿಸಬೇಕಿತ್ತು. ಅದಕ್ಕೆ ಇನ್ನೊಂದು ಹಾಳೆ. ಈ ಸಲ ನಡುವೆ ಪುಸ್ತಕ ಬರೆಯಲಿಲ್ಲ, ಕಲ್ಲುಬೆಂಚನ್ನೂ ಅದರ ಮೇಲೆ ಕೂತವರನ್ನೂ ಬರೆದೆ. ಕಾವ್ಯದ ಮೇಲೆ ನನಗಿರುವ ಪ್ರೀತಿ ನನ್ನನ್ನು ಹೊರಡಿಸಿತ್ತು. ಅವರನ್ನು ಹೊರಡಿಸಲು ಅವರದೇ ಕಾರಣ ಬೇಕು. ಮೊಣಕಾಲು, ಧಾರಾವಾಹಿ, ಮೊಮ್ಮಕ್ಕಳು, ಕಣ್ಣು, ನೆನಪು ಎಂದು ಕೊಂಬೆಗಳು ಬಂದವು. ‘ಮೊಣಕಾಲಿ’ನಿಂದ ಮೆಟ್ಟಿಲಿಲ್ಲದ ಜಾಗ ತೀರ್ಮಾನವಾಯಿತು, ‘ಧಾರಾವಾಹಿ’ಯಿಂದ ಸಮಯ. ‘ಕಣ್ಣು’ ಎಂಬಲ್ಲಿ ನನ್ನ ಕೈ ತಡೆಯಿತು. ಅಲ್ಲಿರುವ ಹಲವರು ಒಂದು ಕಾಲಕ್ಕೆ ದೊಡ್ಡ ಓದುಗರು, ಈಗ ಸಣ್ಣಕ್ಷರ ಹಿಡಿಯುವುದಿಲ್ಲ. ಮಾತು ಅಲ್ಲಿಂದಲೇ ಹೊರಡಬೇಕೆನಿಸಿತು.

ಹಾಳೆಯ ಮೇಲಿನ ಮರವನ್ನು ಒಮ್ಮೆಗೇ ನೋಡಬಹುದು. ಕಿವಿಗೆ ಹಾಗಲ್ಲ, ಅದಕ್ಕೆ ಒಂದರ ಹಿಂದೆ ಒಂದು ಮಾತು ಹೋಗಬೇಕು. ಆದ್ದರಿಂದ ಯಾವ ಕೊಂಬೆ ಮೊದಲು, ಯಾವುದನ್ನು ಹೇಳದೆ ಬಿಡುವುದು ಎಂಬ ಆಯ್ಕೆಯಲ್ಲೇ ಒಪ್ಪಿಸುವ ಕಲೆಯಿದೆ ಎಂದು ನಾನು ನಂಬಿದ್ದೇನೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಲ್ಲಿ ಈ ಸಿದ್ಧಿಯನ್ನು ಕಣ್ಣಾರೆ ಕಾಣಬಹುದು. ಅವರ ಮುಂದೆ ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಹಾಡಿದ ಪದ್ಯವೊಂದೇ ಆಧಾರ. ಎದುರಾಳಿ ಯಾವ ಕಡೆಯಿಂದ ಬಂದರೂ ಪುರಾಣ, ನೀತಿ, ಲೋಕಾನುಭವಗಳ ಯಾವುದೋ ಕವಲು ಹಿಡಿದು ಉತ್ತರ ಕೊಡುತ್ತಾರೆ. ಇಡೀ ಮರ ತಲೆಯೊಳಗಿರುವುದರಿಂದಲೇ ಅದು ಸಾಧ್ಯ. ಉದ್ಯೋಗಪರ್ವದಲ್ಲಿ ಸಂಧಾನಕ್ಕೆ ಹೋದ ಕೃಷ್ಣನದೂ ಅದೇ ರೀತಿ: ಕೌರವನ ಸಭೆಯಲ್ಲಿ ರಾಜ್ಯದ ಪಾಲಿನ ಮಾತು, ಕರ್ಣನೊಬ್ಬನೇ ಸಿಕ್ಕಾಗ ಹುಟ್ಟಿನ ಮಾತು.

ಹಿರಿಯರು ಒಪ್ಪಿದರು. ವಾರಕ್ಕೊಂದು ಸಂಜೆ ಓದು ನಡೆದಿದೆ. ಕರ್ಣನ ಪ್ರಸಂಗಕ್ಕೆ ಬಂದ ದಿನ, ಕೃಷ್ಣ ಅವನ ಹುಟ್ಟಿನ ರಹಸ್ಯ ಹೇಳಿದ್ದು ಕರುಣೆಯಿಂದಲೋ ರಾಜಕಾರಣದಿಂದಲೋ ಎಂದು ವಾದ ಎದ್ದಿತು. ನಿವೃತ್ತ ಮೇಷ್ಟರೊಬ್ಬರು ರಾಜಕಾರಣವೇ ಎಂದು ಪಟ್ಟುಹಿಡಿದರು. ಪಕ್ಕದ ಅಜ್ಜಿ ಒಪ್ಪದೆ, ಅದೇ ಪದ್ಯವನ್ನು ಇನ್ನೊಮ್ಮೆ, ನಿಧಾನವಾಗಿ ಓದಿಸಿದರು. ಮುಂದಿನ ವಾರವೂ ಇಬ್ಬರೂ ಸೇರಿ ನನ್ನನ್ನು ಪುಟ ತಿರುಗಿಸಲು ಬಿಡಲಿಲ್ಲ.