ಹೆದ್ದಾರಿ ಕಲ್ಲಿನ ದಶಾಂಶ

ಒಂದನ್ನು ಹತ್ತು ಸಮಪಾಲು ಮಾಡಿದರೆ ಒಂದು ಪಾಲು ದಶಾಂಶ, ಬರೆಯುವುದು 0.1. ನಂಜನಗೂಡು, ತಿ. ನರಸೀಪುರ ಎರಡನ್ನೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಬದಿಯೇ ಈ ಪಾಠಕ್ಕೆ ಒಳ್ಳೆಯ ಜಾಗ. ಹೆದ್ದಾರಿಗಳಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ನೆಡುವುದು ಕ್ರಮ. ಅದರ ಮೇಲೆ 2, 4, 6, 8 ಎಂದಿರುತ್ತದೆ. ಅಂದರೆ ಕಿಲೋಮೀಟರಿನ 0.2, 0.4, 0.6, 0.8.

ಮಕ್ಕಳು ಹೆಚ್ಚಾಗಿ ಎಡವುವುದು 0.9ರ ನಂತರ, 0.10 ಎಂದು ಬರೆದುಬಿಡುತ್ತಾರೆ. ಅದು ದಡ್ಡತನವಲ್ಲ, ಒಂಬತ್ತಾದ ಮೇಲೆ ಹತ್ತು ಎಂದು ಎಣಿಸಿದ ಅಭ್ಯಾಸ. ಇಂಥಲ್ಲಿ ಬಾಯಿಪಾಠಕ್ಕಿಂತ ಅಳತೆಪಟ್ಟಿಯೇ ಮೇಲು. ಸೆಂಟಿಮೀಟರಿನ ಸಣ್ಣ ಗೆರೆಗಳ ಮೇಲೆ ಪೆನ್ಸಿಲ್ ಮೊನೆ ಸರಿಸುತ್ತಾ ಹೋಗಲಿ. ಒಂಬತ್ತನೆಯ ಗೆರೆ ದಾಟಿದರೆ ಸಿಗುವುದು 1.0. 0.10 ಇರುವುದು ಹಿಂದೆ, ಮೊದಲ ಗೆರೆಯಲ್ಲೇ.