ಕೆಂಪು ಚುಕ್ಕಿ

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೌದಿ ಹೊಲಿಯುವುದನ್ನು ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಹಳೆಯ ಇಳಕಲ್ ಸೀರೆ, ಧೋತರ, ಹುಡುಗರ ಅಂಗಿ ಎಲ್ಲವನ್ನೂ ತುಂಡು ಮಾಡಿ ಹಾಸುತ್ತೇವೆ. ನಡುವೆ ದೊಡ್ಡ ತುಂಡು ಸಾಕು. ಮೂಲೆ ತಿರುಗುವಲ್ಲಿ ಸಣ್ಣ ಸಣ್ಣ ತುಂಡೇ ಬೇಕು. ಒಂದರ ಅಂಚು ಪಕ್ಕದ್ದರ ಅಂಚಿಗೆ ಸರಿಯಾಗಿ ಕೂಡಬೇಕು. ಕೂಡದಿದ್ದರೆ ವರ್ಷ ತುಂಬುವುದರೊಳಗೆ ಅಲ್ಲೇ ಬಾಯಿ ಬಿಡುತ್ತದೆ. ಇಷ್ಟು ತಿಳಿದವರಿಗೆ ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಎಂಬ ಭಾರೀ ಹೆಸರಿನ ವಿದ್ಯೆ ಅರ್ಧ ತಿಳಿದಂತೆಯೇ ಎಂದರೆ ನೀವು ನಗಬಹುದು. ನನ್ನ ಮಗಳೂ ಮೊದಲು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಖರೇನ ಹೌದವ್ವಾ" ಎಂದಳು.

ಅವಳು ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ದಿನಾ ಲೋಕಾಪುರದಿಂದ ಬಸ್ಸಿಗೆ ಹೋಗಿ ಬರುವುದು. "ಹುಡುಗಿಗೆ ಮೆಕ್ಯಾನಿಕಲ್ ಯಾಕ್ರೀ, ಕಂಪ್ಯೂಟರ್ ಸಿಗಲಿಲ್ಲೇನು?" ಎಂದು ಕೇಳದ ನೆಂಟರಿಲ್ಲ. ಅವಳ ಮೆಕ್ಯಾನಿಕಲ್ ಬಹುಪಾಲು ಕಂಪ್ಯೂಟರಿನೊಳಗೇ ನಡೆಯುತ್ತದೆಂದು ನಾನು ಎಷ್ಟು ಜನರಿಗೆ ಹೇಳಲಿ? ರಾತ್ರಿ ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಕೂಡುತ್ತಿದ್ದಳು, ನಾನು ಪಕ್ಕದಲ್ಲಿ ಮೆಂತ್ಯ ಸೋಸುತ್ತ ಕೂಡುತ್ತಿದ್ದೆ. ಹಾಗೆ ಕೂತು ಕೂತು ಕಲಿತದ್ದು ನನ್ನ ವಿದ್ಯೆ.

ವಿಷಯ ಇಷ್ಟೇ. ಒಂದು ಕಬ್ಬಿಣದ ತೊಲೆಯ ಮೇಲೆ ಭಾರ ಬಿದ್ದರೆ ಎಷ್ಟು ಬಾಗುತ್ತದೆ ಎಂದು ಕೈಲೆಕ್ಕದಲ್ಲೇ ಹೇಳಬಹುದು. ಆದರೆ ವಿಮಾನದ ರೆಕ್ಕೆಗೋ ಎಂಜಿನ್ನಿನ ಭಾಗಕ್ಕೋ ಆಕಾರ ಸರಳವಿಲ್ಲ, ಕೈಲೆಕ್ಕ ಸಾಲದು. ಆಗ ಇಡೀ ವಸ್ತುವನ್ನು ಕೌದಿಯ ಹಾಗೆ ಸಾವಿರಾರು ಸಣ್ಣ ತುಂಡು ಮಾಡುತ್ತಾರೆ. ಇಷ್ಟು ಒತ್ತಿದರೆ ಇಷ್ಟು ಸರಿಯುತ್ತದೆ ಎಂದು ಪ್ರತಿ ತುಂಡಿಗೂ ಒಂದು ಸರಳ ನಿಯಮ. ತುಂಡುಗಳು ಕೂಡುವ ಮೂಲೆಗಳಿಗೆ ನೋಡ್ ಎನ್ನುತ್ತಾರೆ. ಅಲ್ಲಿ ಅಕ್ಕಪಕ್ಕದವು ಒಟ್ಟಿಗೇ ಸರಿಯಬೇಕು. ಸಾವಿರಾರು ಸಮೀಕರಣಗಳನ್ನು ಕಂಪ್ಯೂಟರ್ ಬಿಡಿಸಿ, ಮೊದಲು ಯಾವ ಮೂಲೆ ಎಷ್ಟು ಸರಿಯಿತೆಂದು ಹೇಳುತ್ತದೆ. ಅದರಿಂದ ಎಲ್ಲಿ ಎಷ್ಟು ಸ್ಟ್ರೆಸ್ ಎಂದು ಲೆಕ್ಕ ಹಾಕುತ್ತದೆ. ಡಾಕ್ಟರು ನಮಗೆ ಇದೆ ಎನ್ನುವ ಸ್ಟ್ರೆಸ್ ಕಬ್ಬಿಣಕ್ಕೂ ಇರುತ್ತದೆ. ವ್ಯತ್ಯಾಸವೆಂದರೆ ಅದರದನ್ನು ಅಳೆಯಬಹುದು.

ಅಮೆರಿಕದ ಬೋಯಿಂಗ್ ಕಂಪನಿಯವರು ವಿಮಾನದ ರೆಕ್ಕೆಗಳಿಗಾಗಿ ಈ ದಾರಿ ಹಿಡಿದರು. 1956ರಲ್ಲಿ ಟರ್ನರ್, ಕ್ಲಫ್ ಮೊದಲಾದ ನಾಲ್ವರು ಬರೆದ ಲೇಖನ ಪ್ರಸಿದ್ಧ. 1960ರಲ್ಲಿ ಕ್ಲಫ್ ಅವರೇ ಇದಕ್ಕೆ ಈಗಿನ ಹೆಸರಿಟ್ಟರು. ದೂರದ ವಿದ್ಯೆ ಎಂದುಕೊಳ್ಳಬೇಡಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿದ್ದ ಗಂಗನ್ ಪ್ರತಾಪ್ ಇದರ ಮೇಲೆ 1993ರಲ್ಲಿ ಪುಸ್ತಕ ಬರೆದರು. ನಮ್ಮ ಹುಬ್ಬಳ್ಳಿಯ ಕಾಲೇಜಿನಲ್ಲಿದ್ದ ಎಸ್. ಎಸ್. ಭಾವಿಕಟ್ಟಿಯವರ ಪುಸ್ತಕ ಮಗಳ ಚೀಲದಲ್ಲೇ ಇತ್ತು.

ಲೆಕ್ಕ ಮುಗಿದ ಮೇಲೆ ಪರದೆಯ ಮೇಲೆ ಬಣ್ಣದ ಚಿತ್ರ ಬರುತ್ತದೆ. ನೀಲಿ, ಹಸಿರು, ಹಳದಿ, ಕೊನೆಗೆ ಕೆಂಪು. ನೋಡಲು ಹೋಳಿ ಹುಣ್ಣಿಮೆ! ಕೆಂಪು ಕಂಡರೆ ಅಪಾಯ, ನೀಲಿ ಕಂಡರೆ ಕ್ಷೇಮ ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ಕೆಂಪು ಎಂದರೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಎಂದಷ್ಟೇ ಅರ್ಥ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವನು ಊರಿಗೇ ಎತ್ತರದವನು ಆಗಬೇಕೆಂದಿಲ್ಲವಲ್ಲ! ಪಕ್ಕದಲ್ಲಿ ಬರೆದ ಸಂಖ್ಯೆ ಓದಬೇಕು. ಸಾಮಾನ್ಯ ಉಕ್ಕು ಚದರ ಮಿಲಿಮೀಟರಿಗೆ 250 ನ್ಯೂಟನ್ ದಾಟಿದರೆ ಬಾಗಿ, ಮತ್ತೆ ಮೊದಲಿನಂತಾಗುವುದಿಲ್ಲ. ಗಸಗಸೆ ಕಾಳು ಕೂರುವಷ್ಟು ಜಾಗದ ಮೇಲೆ 25 ಕಿಲೋ ಅಕ್ಕಿಚೀಲ ಇಟ್ಟಂತೆ ಎಂದು ನಾನು ನೆನಪಿಟ್ಟುಕೊಂಡೆ.

ಈ ವಿದ್ಯೆ ಪುಸ್ತಕ ಬಿಟ್ಟು ನಮ್ಮ ಮನೆಯೊಳಗೆ ಬಂದದ್ದು ಕಬ್ಬಿನ ಹಂಗಾಮಿನಲ್ಲಿ. ನನ್ನ ಮೈದುನನದು ವೆಲ್ಡಿಂಗ್ ಅಂಗಡಿ. ಮುಧೋಳ ತಾಲೂಕೆಂದರೆ ಕಬ್ಬು, ಕಬ್ಬೆಂದರೆ ಟ್ರಾಲಿ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ ಕಟ್ಟಿಕೊಂಡು ರಾತ್ರಿಯೆಲ್ಲ ರಸ್ತೆಯ ಮೇಲೆ ಸಾಗುವುದನ್ನು ನೀವೂ ನೋಡಿದ್ದೀರಿ. ಅವುಗಳ ಹಿಂದೆ ಬೈಕಿನವರು, ಬದಿಗೆ ಸಾಲಿ ಹುಡುಗರು. ಆ ವರ್ಷ ಒಬ್ಬ ಗಿರಾಕಿ ಬಂದು, ತನ್ನ ಎರಡು ಗಾಲಿಯ ಟ್ರಾಲಿಗಳ ಪಕ್ಕದ ಕಟಾಂಜನ ಎತ್ತರಿಸಿ ಕೊಡಬೇಕೆಂದ. ಒಂದು ಖೇಪಿನಲ್ಲಿ ಕಾಲುಪಾಲು ಹೆಚ್ಚು ಕಬ್ಬು ಹೋಗಬೇಕು. ನಾಲ್ಕು ಟ್ರಾಲಿಯ ಕೆಲಸ, ಮುಂಗಡ ರೊಕ್ಕ ಕೈಯಲ್ಲಿ. ಮೈದುನನಿಗೆ ಸೊಸಾಯಿಟಿ ಸಾಲದ ಕಂತು ಕಟ್ಟುವುದಿತ್ತು.

ಮಗಳು ತನ್ನ ಪ್ರಾಜೆಕ್ಟಿಗೆ ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ದಾಂಡಿಯನ್ನೇ ಆರಿಸಿಕೊಂಡಿದ್ದಳು. ಈಗಿರುವ ಭಾರಕ್ಕೆ ಲೆಕ್ಕ ಮಾಡಿ ಕಾಕಾನಿಗೆ ಚಿತ್ರ ತೋರಿಸಿದಳು. ದಾಂಡಿಯೆಲ್ಲ ನೀಲಿ, ಹಸಿರು. ಕೊಕ್ಕೆಯ ತಗಡು ಕೂಡುವ ಒಳಮೂಲೆಯಲ್ಲಿ ಒಂದೇ ಒಂದು ಕೆಂಪು ಚುಕ್ಕಿ. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಅಲ್ಲಿ ಸೀಳೂದಿಲ್ಲ ತಂಗಿ. ಇಷ್ಟು ವರ್ಷದಾಗ ಅಲ್ಲಿ ಒಂದೂ ಸೀಳಿದ್ದು ನಾ ಕಂಡಿಲ್ಲ. ಸೀಳೂದು ಇಲ್ಲೆ" ಎಂದು, ಆಧಾರಕ್ಕೆ ಹಚ್ಚಿದ ಮೂರುಮೂಲೆ ಪಟ್ಟಿಯ ವೆಲ್ಡಿಂಗ್ ಮುಗಿಯುವ ಜಾಗ ತೋರಿಸಿದ. ಚಿತ್ರದಲ್ಲಿ ಅಲ್ಲಿ ಬರೀ ಹಸಿರು.

ಮನೆಯಲ್ಲಿ ಜಗಳವಾಗಲಿಲ್ಲ. ಮಗಳು ಎರಡು ರಾತ್ರಿ ಕೂತು ಮೂಲೆಯ ತುಂಡುಗಳನ್ನು ಸಣ್ಣ ಮಾಡಿದಳು, ಮತ್ತೆ ಸಣ್ಣ ಮಾಡಿದಳು. ಕೆಂಪು ಚುಕ್ಕಿಯ ಸಂಖ್ಯೆ ಪ್ರತಿ ಸಲ ಏರುತ್ತಲೇ ಹೋಯಿತು, ನಿಲ್ಲಲೇ ಇಲ್ಲ. ಪಟ್ಟಿಯ ತುದಿಯಿಂದ ಸ್ವಲ್ಪ ಈಚೆ ಓದಿದ ಸಂಖ್ಯೆ ಮಾತ್ರ 110ಕ್ಕೆ ಬಂದು ನಿಂತುಬಿಟ್ಟಿತು. ಅರ್ಥ ಅವಳೇ ಬಿಡಿಸಿ ಹೇಳಿದಳು: ಚಿತ್ರದಲ್ಲಿ ಆ ಮೂಲೆ ಕತ್ತಿಯ ಅಲಗಿನಷ್ಟು ಚೂಪು. ಅಂಥ ಮೂಲೆಗೆ ಗಣಿತದಲ್ಲಿ ಕೊನೆಯೇ ಇಲ್ಲ, ತುಂಡು ಸಣ್ಣದಾದಷ್ಟೂ ಸಂಖ್ಯೆ ಏರುತ್ತದೆ. ನಿಜದ ಕಬ್ಬಿಣದಲ್ಲಿ ಮೂಲೆ ತುಸು ದುಂಡಗಿರುತ್ತದೆ, ತುಸು ಬಾಗಿಕೊಡುತ್ತದೆ. ಏರುತ್ತಲೇ ಇರುವ ಸಂಖ್ಯೆಯನ್ನು ನಂಬಬಾರದು, ನಿಂತ ಸಂಖ್ಯೆಯನ್ನು ಓದಬೇಕು.

"110 ಅಂದ್ರ 250ಕ್ಕ ಬಾಳ ದೂರ ಆತಲ್ಲ, ಮತ್ಯಾಕ ಸೀಳತೈತಿ?" ಎಂದು ನಾನು ಕೇಳಿದೆ.

ಉತ್ತರ ಮೈದುನನೇ ಕೊಟ್ಟ. "ವೈನಿ, ಟ್ರಾಲಿ ನಿಂತಲ್ಲೇ ನಿಂತಿರತೈತೇನ್ರಿ? ಹಂಪ್ಸ್ ಮ್ಯಾಲೆ ಹಾರತೈತಿ."

ಮಗಳು ತಲೆ ಎತ್ತಿದಳು. ಮೆಲ್ಲಗೆ ಇಟ್ಟ ಭಾರಕ್ಕಿಂತ ಫಕ್ಕನೆ ಬಿದ್ದ ಭಾರ ಎರಡರಷ್ಟು ಜಗ್ಗುತ್ತದೆ. ಹಾಗೆ ಹಿಡಿದರೆ 220. ಒಂದೇ ಏಟಿಗೆ ಮುರಿಯುವುದಿಲ್ಲ. ಆದರೆ ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಹಾಗೆ ಸಾವಿರಾರು ಏಟಿಗೆ ವೆಲ್ಡಿಂಗಿನ ತುದಿಯಲ್ಲಿ ಕೂದಲೆಳೆಯ ಸೀಳು ಹುಟ್ಟಿ ಬೆಳೆಯುತ್ತದೆ. ಜರ್ಮನಿಯ ವೋಲರ್ ಎಂಬವರು ರೈಲಿನ ಅಚ್ಚುಗಳ ಮೇಲೆ 1860ರ ದಶಕದಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದ್ದರಂತೆ. ಮೇಲೆ ಕಾಲುಪಾಲು ಕಬ್ಬು ಹೆಚ್ಚಾದರೆ 275. ಲಕ್ಷ್ಮಣರೇಖೆ ದಾಟಿದಂತೆಯೇ.

ಇಂಥ ಚಿತ್ರಗಳನ್ನು ತಪ್ಪಾಗಿ ನಂಬಿ ದೊಡ್ಡವರೇ ಮುಳುಗಿದ್ದಾರೆ. 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ತಳಪಾಯ ಪರೀಕ್ಷೆಯ ವೇಳೆ ಗೋಡೆ ಬಿರಿದು ಸಮುದ್ರದ ತಳ ಸೇರಿತು. ಜೀವಹಾನಿ ಆಗಲಿಲ್ಲ, ನಷ್ಟ ಸುಮಾರು 70 ಕೋಟಿ ಡಾಲರ್. ಕಾರಣ ಹುಡುಕಿದಾಗ, ಮುಖ್ಯವಾದ ಜಾಗದಲ್ಲಿ ಕೌದಿಯ ತುಂಡುಗಳು ಒರಟಾಗಿದ್ದವು. ಅಲ್ಲಿನ ಕತ್ತರಿಸುವ ಸ್ಟ್ರೆಸ್ಸನ್ನು ಕಂಪ್ಯೂಟರ್ ಶೇಕಡಾ 47ರಷ್ಟು ಕಡಿಮೆ ತೋರಿಸಿತ್ತು. ಆಮೇಲೆ ಎಚ್ಚರದಿಂದ ಲೆಕ್ಕ ಮಾಡಿದಾಗ 62 ಮೀಟರ್ ಆಳದ ನೀರಿಗೆ ಬಿರಿಯಬೇಕೆಂದು ಬಂತು. ನಿಜವಾಗಿ ಬಿರಿದದ್ದು 65 ಮೀಟರಿಗೆ. ವಿದ್ಯೆ ಸುಳ್ಳಲ್ಲ, ಓದುವವರ ಕಣ್ಣು ಬೇಕು.

ಐಹೊಳೆಯ ಲಾಡಖಾನ್ ಗುಡಿಯಲ್ಲಿ ಕಂಬಗಳು ಎಷ್ಟು ಒತ್ತೊತ್ತಾಗಿವೆ ನೋಡಿ. ಕಲ್ಲು ಒತ್ತಿದರೆ ತಡೆಯುತ್ತದೆ, ಜಗ್ಗಿದರೆ ತಡೆಯದು. ಉದ್ದನೆಯ ಕಲ್ಲುತೊಲೆ ಬಾಗಿದರೆ ಅದರ ಕೆಳಮೈ ಜಗ್ಗಿ ಸೀಳುತ್ತದೆ. ಆ ಶಿಲ್ಪಿಗಳಿಗೆ ಬಣ್ಣದ ಚಿತ್ರವಿರಲಿಲ್ಲ, ಸೀಳಿದ ಕಲ್ಲುಗಳ ನೆನಪಿದ್ದಿರಬೇಕು. ನಮ್ಮ ಮೈದುನನ ಬಳಿ ಇದ್ದದ್ದೂ ಅದೇ.

ಮೈದುನ ಮರುದಿನ ಗಿರಾಕಿಯ ಮುಂಗಡ ಹಿಂದಕ್ಕೆ ಕೊಟ್ಟ. ಆತ ಸಿಟ್ಟಿನಿಂದ ಎದ್ದು ಬೇರೆ ಅಂಗಡಿಗೆ ಹೋದ. "ಹುಡುಗಿ ಮಾತು ಕೇಳಿ ಬಂದ ಗಿರಾಕಿ ಕಳಕೊಂಡ" ಎಂದು ಓಣಿಯಲ್ಲಿ ಆಡಿಕೊಂಡರು. ಆ ತಿಂಗಳ ಕಂತಿಗೆ ನನ್ನ ಭಿಶಿ ರೊಕ್ಕ ಹೋಯಿತು. ನನ್ನ ತಂಗಿಗೆ ಕೊಡಬೇಕೆಂದಿದ್ದೆ. ಅವಳಿಗೆ ಯುಗಾದಿಗೆ ಕೊಟ್ಟೆ. ಆ ರೊಕ್ಕ ಹೋದದ್ದಕ್ಕೆ ನನಗೆ ಇಂದಿಗೂ ಮರುಕವಿಲ್ಲ. ಆ ರಸ್ತೆಯಲ್ಲಿ ನನ್ನ ಅಕ್ಕನ ಮೊಮ್ಮಕ್ಕಳೂ ಸಾಲಿಗೆ ನಡೆಯುತ್ತಾರೆ.

ಅಂದಿನಿಂದ ಮೈದುನ ಆ ಮೂರುಮೂಲೆ ಪಟ್ಟಿಯ ತುದಿಯನ್ನು ಮೊಂಡಾಗಿ ಬಿಡದೆ ಇಳಿಜಾರಾಗಿ ಕತ್ತರಿಸುತ್ತಾನೆ. ಹಂಗಾಮಿಗೆ ಮುಂಚೆ ಬಂದ ಟ್ರಾಲಿಗಳ ವೆಲ್ಡಿಂಗ್ ತುದಿಯನ್ನು ಬ್ಯಾಟರಿ ಹಿಡಿದು ನೋಡಿ, ಸೀಳು ಕಂಡರೆ ಚಾಕಪೀಸಿನಿಂದ ಗುರುತು ಹಾಕುತ್ತಾನೆ. ನಾನು ಕಲಿತದ್ದು ನಾಲ್ಕು ಪ್ರಶ್ನೆ: ಭಾರ ಎಲ್ಲಿ, ಎಷ್ಟು ಇಟ್ಟಿರಿ? ಇಟ್ಟ ಭಾರಕ್ಕೂ ಆಧಾರಗಳು ಹೊತ್ತ ಭಾರಕ್ಕೂ ಭಿಶಿ ಲೆಕ್ಕದಂತೆ ತಾಳೆಯಾಯಿತೇ? ತುಂಡು ಸಣ್ಣ ಮಾಡಿದರೆ ಸಂಖ್ಯೆ ನಿಲ್ಲುತ್ತದೆಯೇ? ಈ ಕೆಲಸ ಕೈಯಿಂದ ಮಾಡಿದವರು ಏನೆನ್ನುತ್ತಾರೆ?

ಪ್ರಾಜೆಕ್ಟಿನ ಪರೀಕ್ಷೆಯ ದಿನ ಮಗಳು ಬಣ್ಣದ ಚಿತ್ರಗಳ ಜೊತೆಗೆ, ಗುಜರಿಯಲ್ಲಿ ಬಿದ್ದಿದ್ದ ಸೀಳಿದ ದಾಂಡಿಯ ಒಂದು ತುಂಡನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ ಹತ್ತಿದಳು. ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದನಂತೆ. "ಕೊಟ್ಟು ಹೋಗ್ಬೇ, ಅದಽ ನಮ್ಮ ಸಾಕ್ಷಿ" ಎಂದು ಕಾಕಾ ಕೆಳಗಿನಿಂದಲೇ ಕೂಗಿದ.